ಒಂದು ಗೋಲಿ ಸೋಡಾ ಶೀಶೆಯ ಪೂರ್ವಜರು: ಜೋಸೆಫ್ ಪ್ರೀಸ್ಟ್ಲಿಯವರ ಜೀವನ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಗುರುನಿವಾಸದ ದುರಸ್ತಿಯನ್ನು ಕೈಗೊಂಡಾಗ ಅಟ್ಟದ ಮೇಲಿದ್ದ ಹಳೆಯ ಸಾಮಾನುಗಳನ್ನೆಲ್ಲ ಕೆಳಗಿಳಿಸಬೇಕಾಯಿತು. ತುಕ್ಕು ಹಿಡಿದ ಮೇಣದಬತ್ತಿಯ ಕಂಬಗಳು, ಗೆದ್ದಲು ತಿಂದ ಲತೀನ್ ಪೂಜಾಗ್ರಂಥದ ಹಾಳೆಗಳು, ಒಡೆದ ಹೆಂಚುಗಳು, ಇವುಗಳ ಮಧ್ಯೆ ತೆಂಗಿನ ನಾರಿನಲ್ಲಿ ಸುತ್ತಿಟ್ಟ ಒಂದು ಶೀಶೆ ದೊರೆಯಿತು. ದಪ್ಪನೆಯ ಹಸಿರು ಗಾಜು. ಯಾರೋ ಎರಡು ಬೆರಳುಗಳಿಂದ ಹಿಸುಕಿದಂತೆ ಕತ್ತಿನಲ್ಲಿ ತಗ್ಗು. ಆ ತಗ್ಗಿನ ಮೇಲೆ ಅತ್ತಿತ್ತ ಉರುಳುವ ಒಂದು ಗಾಜಿನ ಗೋಲಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಹಿರಿಯ ವಾಚಕರಿಗೆ ಇದರ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. ಹೊಳೆಯ ಕಡವುಗಳಲ್ಲಿ ದೋಣಿಗಾಗಿ ಕಾಯುತ್ತ, ಇಗರ್ಜಿಯ ವಾರ್ಷಿಕ ಹಬ್ಬದ ಸಂತೆಯಲ್ಲಿ ಬಿಸಿಲಿಗೆ ಬೆವರುತ್ತ, ಯಕ್ಷಗಾನದ ಆಟ ನೋಡಿ ನಿದ್ದೆಗೆಟ್ಟು ಮರಳುತ್ತ, ಕೀಂ ಎಂಬ ಆ ಶಬ್ದವನ್ನು ಕೇಳಿ ಬಾಯಾರಿಕೆಯನ್ನು ಮರೆತವರು ಅವರೆಲ್ಲರೂ.

ಶೀಶೆಯ ಮೈಮೇಲೆ ಉಬ್ಬಚ್ಚಿನ ಇಂಗ್ಲಿಷ್ ಅಕ್ಷರಗಳಿದ್ದವು. ಸವೆದು ಹೋಗಿ ಎರಡು ಮಾತ್ರ ಓದಲು ಬರುತ್ತಿದ್ದವು. ಇದು ಯಾರ ಮನೆಯದಿರಬಹುದು ಎಂಬ ಕುತೂಹಲದಿಂದ ಹಿರಿಯರನ್ನು ವಿಚಾರಿಸತೊಡಗಿದೆ. ಕಡವಿನ ಹತ್ತಿರ ಅಣ್ಣತಮ್ಮಂದಿರಿಬ್ಬರು ಸೋಡಾ ತಯಾರಿಸುತ್ತಿದ್ದರೆಂದೂ ಹಬ್ಬದ ದಿನ ಗುರುಗಳ ಊಟದ ಮೇಜಿಗೆ ಒಂದು ಡಜನ್ ಶೀಶೆ ಉಚಿತವಾಗಿ ಕಳುಹಿಸುತ್ತಿದ್ದರೆಂದೂ ವಯೋವೃದ್ಧೆಯಾದ ಒಬ್ಬ ತಾಯಿ ನೆನಪಿಸಿಕೊಂಡರು. ಜ್ಞಾನಸ್ನಾನದ ಹಾಗೂ ವಿವಾಹದ ದಾಖಲೆ ಪುಸ್ತಕಗಳನ್ನು ತೆರೆದು ನೋಡಿದಾಗ ಆ ಮನೆತನದ ಮೂರು ತಲೆಮಾರುಗಳ ಹೆಸರು ಸಿಕ್ಕಿದವು. ನಾಲ್ಕನೆಯ ತಲೆಮಾರಿನ ಹೊತ್ತಿಗೆ ಎಲ್ಲರೂ ಮುಂಬಯಿ ಸೇರಿದ್ದರು. ಅಲ್ಲಿರುವ ಮೊಮ್ಮಗನೊಬ್ಬನಿಗೆ ಪತ್ರ ಬರೆದೆ. ಚಕ್ರವಿದ್ದ ಒಂದು ಯಂತ್ರವನ್ನು ಗುಜರಿಗೆ ಮಾರಿದ್ದು ಬಿಟ್ಟರೆ ತನಗೆ ಬೇರೇನೂ ಜ್ಞಾಪಕವಿಲ್ಲವೆಂದು ಅವನು ವಿನಯದಿಂದ ಉತ್ತರಿಸಿದ.

ಹೀಗೆ ಮನೆಯ ವಂಶಾವಳಿ ಮೂರು ತಲೆಮಾರಿಗೇ ನಿಂತಿತು. ಆದರೆ ಶೀಶೆಗೂ ಅದರೊಳಗಿನ ಪಾನೀಯಕ್ಕೂ ತಮ್ಮದೇ ಆದ ವಂಶಾವಳಿಯುಂಟು. ಅದನ್ನು ಹಿಡಿದು ಹಿಂದಕ್ಕೆ ಹೋದರೆ ಎರಡೂವರೆ ಶತಮಾನಗಳಷ್ಟು ದೂರ ಸಾಗಬಹುದು. ಆ ದಾರಿಯ ಕೊನೆಯಲ್ಲಿ ನಮಗೆ ಎದುರಾಗುವವರು ವ್ಯಾಪಾರಿಯೂ ಅಲ್ಲ, ಕುಶಲಕರ್ಮಿಯೂ ಅಲ್ಲ. ಒಬ್ಬ ಬಡ ಪಾದ್ರಿ. ಅವರು ನಮ್ಮ ಧರ್ಮಸಭೆಯವರಲ್ಲ. ನಮ್ಮ ವಿಶ್ವಾಸದ ಮೂಲಸತ್ಯಗಳನ್ನೇ ನಿರಾಕರಿಸಿದವರು. ಹಾಗಿದ್ದೂ ಅವರ ಜೀವನವನ್ನು ಈ ಸ್ಮರಣ ಸಂಚಿಕೆಯಲ್ಲಿ ಏಕೆ ಬರೆಯುತ್ತಿದ್ದೇನೆಂಬುದು ಓದುತ್ತ ಹೋದಂತೆ ತಿಳಿದೀತು.

ಜೋಸೆಫ್ ಪ್ರೀಸ್ಟ್ಲಿಯವರು 1733ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಯಾರ್ಕ್‌ಶಯರ್ ಪ್ರಾಂತದ ಲೀಡ್ಸ್ ನಗರದ ಸಮೀಪ, ಬರ್ಸ್ಟಲ್ ಎಂಬ ಗ್ರಾಮದ ಪರಿಸರದಲ್ಲಿ ಜನಿಸಿದರು. ತಂದೆ ಜೋನಸ್ ಉಣ್ಣೆಯ ಬಟ್ಟೆಯನ್ನು ಹದಗೊಳಿಸುವ ಕಸುಬಿನವರು. ಆರು ಮಂದಿ ಮಕ್ಕಳಲ್ಲಿ ಜೋಸೆಫ್ ಹಿರಿಯವರು. ಬಾಲ್ಯದಲ್ಲಿಯೇ ತಾಯಿ ತೀರಿಕೊಂಡರು. ಮಕ್ಕಳಿಲ್ಲದ, ಸ್ಥಿತಿವಂತರಾದ ಸೋದರತ್ತೆ ಸಾರಾ ಅವರು ಬಾಲಕನನ್ನು ತಮ್ಮ ಮನೆಗೆ ಕರೆದೊಯ್ದು ಸಾಕಿದರು. ಹುಡುಗನು ಪಾದ್ರಿಯಾಗಬೇಕೆಂಬುದು ಆ ಅತ್ತೆಯ ಆಶೆ. ಲತೀನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಅವನು ಬೇಗನೆ ಕಲಿತನು. ಮಧ್ಯೆ ಆರೋಗ್ಯ ಕೆಟ್ಟು ಪೌರೋಹಿತ್ಯದ ಯೋಚನೆಯನ್ನು ಬಿಟ್ಟು ವ್ಯಾಪಾರಕ್ಕಾಗಿ ಪೋರ್ಚುಗಲ್ಲಿನ ಲಿಸ್ಬನ್ ನಗರಕ್ಕೆ ಹೋಗುವುದೆಂದು ನಿಶ್ಚಯವಾದಾಗ ಫ್ರೆಂಚ್, ಇಟಾಲಿಯನ್, ಜರ್ಮನ್ ಭಾಷೆಗಳನ್ನು ಸ್ವಂತ ಪ್ರಯತ್ನದಿಂದಲೇ ಅಭ್ಯಾಸ ಮಾಡಿದನು. ಆರೋಗ್ಯ ಸುಧಾರಿಸಿದಾಗ ಮೊದಲಿನ ಸಂಕಲ್ಪವೇ ಮರಳಿತು.

ಅವರ ಮನೆತನವು ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಸಭೆಯನ್ನು ಒಪ್ಪದ ಭಿನ್ನಮತೀಯರ ಪಂಗಡಕ್ಕೆ ಸೇರಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಭಿನ್ನಮತೀಯರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಪದವಿ ದೊರೆಯುತ್ತಿರಲಿಲ್ಲ. ಸರಕಾರಿ ಹುದ್ದೆಗಳಿಗೆ ಕಾನೂನಿನ ತಡೆಯಿತ್ತು. ಕಥೋಲಿಕರ ಪಾಡಂತೂ ಇನ್ನೂ ಶೋಚನೀಯವಾಗಿತ್ತು. ಪೂಜೆ ಅರ್ಪಿಸುವ ಗುರುಗಳಿಗೆ ಶಿಕ್ಷೆ ವಿಧಿಸುವ ಕಾನೂನುಗಳು ಪುಸ್ತಕದಲ್ಲಿ ಉಳಿದಿದ್ದವು. ಬಹಿಷ್ಕಾರದ ಈ ಅನುಭವ ಪ್ರೀಸ್ಟ್ಲಿಯವರ ಮನಸ್ಸನ್ನು ಎಳವೆಯಿಂದಲೇ ರೂಪಿಸಿತು. ಆದಮನ ಪಾಪದಲ್ಲಿ ಪ್ರತಿಯೊಬ್ಬನೂ ಪಾಲುಗಾರನೆಂಬ ಬೋಧನೆಯನ್ನು ತಮ್ಮ ಸಭೆಯ ಹಿರಿಯರು ಅರ್ಥೈಸುತ್ತಿದ್ದ ರೀತಿಯಲ್ಲಿ ಒಪ್ಪಲು ತರುಣ ಜೋಸೆಫನಿಗೆ ಸಾಧ್ಯವಾಗಲಿಲ್ಲ. ಹಿರಿಯರು ಅವನನ್ನು ಪೂರ್ಣ ಸದಸ್ಯನನ್ನಾಗಿ ಸ್ವೀಕರಿಸಲಿಲ್ಲ. 1752ರಲ್ಲಿ ಡ್ಯಾವೆಂಟ್ರಿಯ ವಿದ್ಯಾಲಯವನ್ನು ಸೇರಿದರು. ಅಲ್ಲಿ ಪ್ರತಿಯೊಂದು ಪ್ರಶ್ನೆಯ ಎರಡೂ ಪಕ್ಷಗಳನ್ನು ವಾದಿಸಿ ನೋಡುವ ಪದ್ಧತಿಯಿತ್ತು. ಸೆಮಿನರಿಯಲ್ಲಿ ತರ್ಕಶಾಸ್ತ್ರದ ವಾದಕೂಟಗಳಲ್ಲಿ ಕುಳಿತವನಾದ ನನಗೆ ಅದರ ಆಕರ್ಷಣೆಯೂ ಅಪಾಯವೂ ಚೆನ್ನಾಗಿ ಗೊತ್ತು.

1755ರಲ್ಲಿ ಸಫಕ್ ಪ್ರಾಂತದ ನೀಡಮ್ ಮಾರ್ಕೆಟ್ ಎಂಬ ಊರಿನಲ್ಲಿ ಅವರಿಗೆ ಮೊದಲ ಸಭೆ ದೊರೆಯಿತು. ವರ್ಷಕ್ಕೆ 40 ಪೌಂಡ್ ಕೊಡುವೆವೆಂದವರು ಅಷ್ಟನ್ನೂ ಕೊಡಲಿಲ್ಲ. ಅವರಿಗೆ ತೊದಲು ಮಾತು. ಜೀವಮಾನವಿಡೀ ಅದು ಬಿಡಲಿಲ್ಲ. ದಿನವೂ ಗಟ್ಟಿಯಾಗಿ, ನಿಧಾನವಾಗಿ ಓದುವ ಅಭ್ಯಾಸದಿಂದ ಅದನ್ನು ಅಷ್ಟಿಷ್ಟು ಹತೋಟಿಗೆ ತಂದುಕೊಂಡರು. ಅವರ ವಿಚಾರಗಳೂ ಸಭಿಕರಿಗೆ ರುಚಿಸದೆ ಜನ ಕಡಿಮೆಯಾಗುತ್ತ ಬಂದರು. ಮೂರು ವರ್ಷಗಳ ನಂತರ ನ್ಯಾಂಟ್‌ವಿಚ್ ಎಂಬಲ್ಲಿಗೆ ಹೋಗಿ ಶಾಲೆಯನ್ನೂ ತೆರೆದರು. ಉಳಿತಾಯದ ಹಣದಿಂದ ಒಂದು ವಾಯುರೇಚಕ ಯಂತ್ರವನ್ನೂ ಒಂದು ವಿದ್ಯುತ್ ಯಂತ್ರವನ್ನೂ ಕೊಂಡು ತಂದು ಮಕ್ಕಳ ಕೈಯಿಂದಲೇ ಪ್ರಯೋಗಗಳನ್ನು ಮಾಡಿಸಿದರು. 1761ರಲ್ಲಿ ವಾರಿಂಗ್ಟನ್ ವಿದ್ಯಾಲಯದ ಭಾಷಾ ಅಧ್ಯಾಪಕರಾದರು. ಮರುವರ್ಷ ಕಬ್ಬಿಣದ ಉದ್ಯಮಿಗಳ ಮನೆತನದ ಮೇರಿ ವಿಲ್ಕಿನ್ಸನ್ ಅವರೊಡನೆ ವಿವಾಹವಾಯಿತು. ಲಂಡನ್ನಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನರ ಪರಿಚಯವಾದ ಬಳಿಕ ಅವರ ಪ್ರೋತ್ಸಾಹದಿಂದ ವಿದ್ಯುಚ್ಛಕ್ತಿಯ ಇತಿಹಾಸವನ್ನು ಬರೆದು 1767ರಲ್ಲಿ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮುಂಚೆಯೇ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವ ಬಂದಿತ್ತು.

ಈಗ ಸೋಡಾದ ವಿಷಯಕ್ಕೆ ಬರೋಣ. ಅದೇ 1767ರಲ್ಲಿ ಅವರು ಲೀಡ್ಸ್ ನಗರದ ಮಿಲ್ ಹಿಲ್ ಪ್ರಾರ್ಥನಾಲಯದ ಪಾದ್ರಿಯಾಗಿ ನೇಮಕಗೊಂಡರು. ಪಾದ್ರಿಯ ಬಂಗಲೆ ಇನ್ನೂ ಸಿದ್ಧವಾಗಿರದ ಕಾರಣ ತಾತ್ಕಾಲಿಕವಾಗಿ ಹಿಡಿದ ಮನೆಯ ಪಕ್ಕದಲ್ಲಿಯೇ ಒಂದು ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಪಾದ್ರಿಗಳ ವಾಸಕ್ಕೆ ಅದು ಯೋಗ್ಯ ನೆರೆಹೊರೆಯೆಂದು ಯಾರೂ ಹೇಳಲಾರರು. ಆದರೆ ದೈವಸಂಕಲ್ಪವು ಕೆಲವೊಮ್ಮೆ ಇಂತಹ ದಾರಿಗಳಲ್ಲಿಯೂ ಕೆಲಸ ಮಾಡುತ್ತದೆ. ದೊಡ್ಡ ಮರದ ತೊಟ್ಟಿಗಳಲ್ಲಿ ಧಾನ್ಯದ ರಸವು ಹುದುಗು ಬರುವಾಗ ಅದರ ಮೇಲೆ ಸುಮಾರು ಒಂದಡಿ ದಪ್ಪದ ಒಂದು ವಾಯು ನಿಂತಿರುವುದನ್ನು ಅವರು ಗಮನಿಸಿದರು. ಉರಿಯುವ ಕಡ್ಡಿಯನ್ನು ಅದರೊಳಗೆ ಹಿಡಿದರೆ ಆರುತ್ತಿತ್ತು. ಹೊಗೆ ಅದರ ಮೇಲ್ಮೈಯಲ್ಲಿ ತೇಲಿ ತೊಟ್ಟಿಯ ಅಂಚಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಸಾಮಾನ್ಯ ಗಾಳಿಗಿಂತ ಭಾರವಾದ ಈ ವಾಯುವನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವೈದ್ಯವಿಜ್ಞಾನಿ ಅದಕ್ಕೆ ಮುಂಚೆಯೇ ಪರೀಕ್ಷಿಸಿ ಸ್ಥಿರವಾಯು ಎಂದು ಕರೆದಿದ್ದರು. ಇಂದಿನ ನಮ್ಮ ಮಕ್ಕಳು ಅದನ್ನು ಇಂಗಾಲದ ಡೈ ಆಕ್ಸೈಡ್ ಎಂದು ಓದುತ್ತಾರೆ.

ಪ್ರೀಸ್ಟ್ಲಿಯವರು ಎರಡು ಪಾತ್ರೆಗಳನ್ನು ತೆಗೆದುಕೊಂಡು ಆ ವಾಯುವಿನ ಮಧ್ಯದಲ್ಲಿ ನೀರನ್ನು ಒಂದರಿಂದ ಇನ್ನೊಂದಕ್ಕೆ ಹೊಯ್ದು ನೋಡಿದರು. ನಮ್ಮ ಊರಿನ ಚಹಾದಂಗಡಿಗಳಲ್ಲಿ ಚಹಾವನ್ನು ಎತ್ತಿ ಹೊಯ್ಯುವಂತೆಯೇ ಎಂದು ಊಹಿಸಿಕೊಳ್ಳಬಹುದು. ಎರಡು ಮೂರು ನಿಮಿಷಗಳಲ್ಲಿ ಆ ನೀರಿಗೆ ಹಿತವಾದ ಹುಳಿ ರುಚಿಯೂ ಚುರುಕೂ ಬಂದವು. ಯುರೋಪಿನ ಶ್ರೀಮಂತರು ದೂರದೂರದ ಬುಗ್ಗೆಗಳಿಗೆ ಪ್ರಯಾಣ ಮಾಡಿ ಕುಡಿಯುತ್ತಿದ್ದ ಖನಿಜಜಲದ ಗುಣ ಒಂದು ಬಿಯರ್ ತೊಟ್ಟಿಯ ಮೇಲೆ ಸಿದ್ಧಿಸಿತು. ಕೆಲವು ಕಾಲದ ನಂತರ ಆ ಮನೆಯನ್ನು ಬಿಟ್ಟ ಮೇಲೆ ಸೀಮೆಸುಣ್ಣದ ಮೇಲೆ ಗಂಧಕಾಮ್ಲವನ್ನು ಹಾಕಿ ವಾಯುವನ್ನು ಪಡೆದು ಹಂದಿಯ ಮೂತ್ರಕೋಶದ ಚೀಲದ ಮೂಲಕ ಅದನ್ನು ನೀರಿಗೆ ಒತ್ತಿ ಬೆರೆಸುವ ಸಾಧನವನ್ನು ರಚಿಸಿದರು. ಆ ಚೀಲದಿಂದಾಗಿ ನೀರಿಗೆ ಕೆಟ್ಟ ರುಚಿ ಬರುತ್ತದೆಂದು ನೂತ್ ಎಂಬ ವೈದ್ಯರು ಆಕ್ಷೇಪಿಸಿ ಗಾಜಿನ ಉಪಕರಣವೊಂದನ್ನು ಮಾಡಿದ ಸಂಗತಿಯನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಸ್ವೀಡನ್ನಿನ ಬರ್ಗ್‌ಮನ್ ಅವರೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಂತಹ ನೀರನ್ನು ತಯಾರಿಸಿದ್ದರು.

1772ರಲ್ಲಿ ಈ ವಿಧಾನವನ್ನು ವಿವರಿಸುವ ಒಂದು ಕಿರುಹೊತ್ತಗೆಯನ್ನು ಪ್ರೀಸ್ಟ್ಲಿಯವರು ಪ್ರಕಟಿಸಿದರು. ದೀರ್ಘ ಸಮುದ್ರಯಾನದಲ್ಲಿ ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗಕ್ಕೆ ಇದು ಔಷಧವಾದೀತೆಂಬ ಭರವಸೆ ಅವರಿಗಿತ್ತು. ಕ್ಯಾಪ್ಟನ್ ಕುಕ್ ಅವರ ಎರಡನೆಯ ಮಹಾಯಾನದ ಹಡಗುಗಳಿಗೂ ಇದರ ಉಪಕರಣವನ್ನು ಒದಗಿಸಲಾಯಿತು. ಆ ಯಾನದಲ್ಲಿ ಪ್ರೀಸ್ಟ್ಲಿಯವರೇ ಪಾಲ್ಗೊಳ್ಳುವ ಮಾತು ನಡೆದು, ಅವರ ಧಾರ್ಮಿಕ ಅಭಿಪ್ರಾಯಗಳ ಕಾರಣದಿಂದ ಬಿದ್ದುಹೋಗಿತ್ತು. ಔಷಧದ ಭರವಸೆ ನಿಜವಾಗಲಿಲ್ಲ. ಸ್ಕರ್ವಿಗೆ ಮದ್ದು ನಿಂಬೆಹಣ್ಣಿನಲ್ಲಿತ್ತೇ ಹೊರತು ಸೋಡಾದಲ್ಲಿ ಅಲ್ಲ. ನಮ್ಮ ಅಂಗಡಿಯವರು ಎರಡನ್ನೂ ಒಂದೇ ಲೋಟದಲ್ಲಿ ಬೆರೆಸಿದರು, ಅದು ಬೇರೆ ಮಾತು. ರಾಯಲ್ ಸೊಸೈಟಿಯು 1773ರಲ್ಲಿ ಅವರಿಗೆ ತನ್ನ ಶ್ರೇಷ್ಠ ಗೌರವವಾದ ಕಾಪ್ಲಿ ಪದಕವನ್ನು ನೀಡಿತು. ಈ ಶೋಧಕ್ಕಾಗಿ ಅವರು ಹಕ್ಕುಪತ್ರವನ್ನು ಪಡೆಯಲಿಲ್ಲ; ಅದರಿಂದ ಸಂಪತ್ತನ್ನೂ ಗಳಿಸಲಿಲ್ಲ. ಬೇಕಾದವರು ಮಾಡಿಕೊಳ್ಳಲಿ ಎಂದು ವಿಧಾನವನ್ನು ಲೋಕದ ಮುಂದಿಟ್ಟುಬಿಟ್ಟರು.

ಲೀಡ್ಸ್‌ನ ಆ ದಿನಗಳಲ್ಲಿಯೇ ಇನ್ನೊಂದು ಸುಂದರವಾದ ಪ್ರಯೋಗ ನಡೆಯಿತು. ಮೇಣದಬತ್ತಿ ಉರಿದು ಕೆಟ್ಟ ಗಾಳಿಯಿದ್ದ ಗಾಜಿನ ಪಾತ್ರೆಯಲ್ಲಿ 1771ರ ಆಗಸ್ಟಿನಲ್ಲಿ ಪುದಿನದ ಒಂದು ಚಿಗುರನ್ನು ಇಟ್ಟರು. ಕೆಲವು ದಿನಗಳ ಬಳಿಕ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಜೀವಿಗಳು ಕೆಡಿಸಿದ ಗಾಳಿಯನ್ನು ಹಸಿರು ಸಸ್ಯಗಳು ಸರಿಪಡಿಸುತ್ತವೆಂಬುದು ಹೀಗೆ ತಿಳಿದುಬಂತು. ಸೃಷ್ಟಿಕರ್ತನ ವ್ಯವಸ್ಥೆಯ ಮುಂದೆ ಅವರು ತಲೆಬಾಗಿದರು. ಈ ವಿಷಯದಲ್ಲಿ ಅವರಿಗೂ ನಮಗೂ ಭೇದವಿಲ್ಲ.

1773ರಲ್ಲಿ ಶೆಲ್ಬರ್ನ್ ಎಂಬ ಪ್ರಭುಗಳು ವರ್ಷಕ್ಕೆ 250 ಪೌಂಡ್ ವೇತನ ಕೊಟ್ಟು ಅವರನ್ನು ತಮ್ಮ ಗ್ರಂಥಾಲಯ ನೋಡಿಕೊಳ್ಳುವುದಕ್ಕೂ ಮಕ್ಕಳ ಶಿಕ್ಷಣಕ್ಕೆ ಸಲಹೆ ನೀಡುವುದಕ್ಕೂ ಕರೆಸಿಕೊಂಡರು. ಅಲ್ಲಿ 1774ರ ಆಗಸ್ಟ್ 1ರಂದು, 12 ಅಂಗುಲ ಅಗಲದ ಮಸೂರದಿಂದ ಪಾದರಸದ ಕೆಂಪು ಭಸ್ಮದ ಮೇಲೆ ಸೂರ್ಯಕಿರಣಗಳನ್ನು ಬೀಳಿಸಿದಾಗ ಹೊರಬಂದ ವಾಯುವಿನಲ್ಲಿ ಮೇಣದಬತ್ತಿ ಅಸಾಧಾರಣ ಪ್ರಕಾಶದಿಂದ ಉರಿಯಿತು. ಅದೇ ಆಮ್ಲಜನಕ. ಸ್ವೀಡನ್ನಿನ ಶೀಲೆಯವರು ಅದನ್ನು ಮೊದಲೇ ಪಡೆದಿದ್ದರೂ ಪ್ರಕಟಿಸಿದ್ದು ತಡವಾಗಿ. ಅದೇ ವರ್ಷ ಪ್ಯಾರಿಸಿಗೆ ಹೋದಾಗ ಪ್ರೀಸ್ಟ್ಲಿಯವರು ಈ ಸಂಗತಿಯನ್ನು ಯಾವ ಮುಚ್ಚುಮರೆಯೂ ಇಲ್ಲದೆ ಲವ್ವಾಸಿಯೇ ಅವರಿಗೆ ತಿಳಿಸಿದರು. ಲವ್ವಾಸಿಯೇ ಅದರ ಆಧಾರದ ಮೇಲೆ ದಹನದ ಹೊಸ ಸಿದ್ಧಾಂತವನ್ನೇ ಕಟ್ಟಿ ಆ ವಾಯುವಿಗೆ ಇಂದಿನ ಹೆಸರನ್ನೂ ಇಟ್ಟರು. ವಿಚಿತ್ರವೆಂದರೆ ಆ ಹೊಸ ಸಿದ್ಧಾಂತವನ್ನು ಪ್ರೀಸ್ಟ್ಲಿಯವರು ಕೊನೆಯವರೆಗೂ ಒಪ್ಪಲಿಲ್ಲ. ಉರಿಯುವ ವಸ್ತುಗಳಲ್ಲಿ ಫ್ಲಾಜಿಸ್ಟನ್ ಎಂಬ ದ್ರವ್ಯವಿದೆಯೆಂಬ ಹಳೆಯ ಮತಕ್ಕೇ ಅಂಟಿಕೊಂಡರು. ಧರ್ಮದಲ್ಲಿ ಹಳೆಯದನ್ನೆಲ್ಲ ಅಲುಗಾಡಿಸಿದವರು ರಸಾಯನಶಾಸ್ತ್ರದಲ್ಲಿ ಹಳೆಯದಕ್ಕೆ ಜೋತುಬಿದ್ದರು.

ಅವರ ಧಾರ್ಮಿಕ ವಿಚಾರಗಳ ಬಗ್ಗೆ ಮರೆಮಾಚದೆ ಹೇಳಿಬಿಡಬೇಕು. ಅವರು ಪವಿತ್ರ ತ್ರಿತ್ವವನ್ನು ನಿರಾಕರಿಸಿದರು. ಯೇಸುಸ್ವಾಮಿಯ ದೈವತ್ವವನ್ನು ಒಪ್ಪಲಿಲ್ಲ. 1782ರಲ್ಲಿ ಕ್ರೈಸ್ತಧರ್ಮದಲ್ಲಿ ಸೇರಿಕೊಂಡ ವಿಕೃತಿಗಳೆಂದು ತಾವು ಭಾವಿಸಿದವುಗಳ ಚರಿತ್ರೆಯನ್ನು ಬರೆದರು. ನಾವು ಪವಿತ್ರವೆಂದು ಆರಾಧಿಸುವ ಅನೇಕ ಸತ್ಯಗಳು ಆ ಪಟ್ಟಿಯಲ್ಲಿವೆ. ಕಥೋಲಿಕ ಗುರುವಾಗಿ ಇವುಗಳಲ್ಲಿ ಒಂದನ್ನೂ ನಾನು ಒಪ್ಪಲಾರೆ. ಸೆಮಿನರಿಯಲ್ಲಿ ಅವರ ಹೆಸರನ್ನು ನಾನು ಮೊದಲು ಕೇಳಿದ್ದೇ ಖಂಡಿಸಬೇಕಾದ ಅಭಿಪ್ರಾಯಗಳ ಪಾಠದಲ್ಲಿ.

ಆದರೆ ಅದೇ ವ್ಯಕ್ತಿ ನಮ್ಮವರಿಗಾಗಿ ಏನು ಮಾಡಿದರೆಂಬುದನ್ನು ಆ ಪಾಠ ಹೇಳಿರಲಿಲ್ಲ. ಇಂಗ್ಲೆಂಡಿನ ಸಂಸತ್ತು 1778ರಲ್ಲಿ ಕಥೋಲಿಕರ ಮೇಲಿನ ಕೆಲವು ಕಠಿಣ ನಿರ್ಬಂಧಗಳನ್ನು ಸಡಿಲಿಸಿತು. ಅದನ್ನು ರದ್ದುಗೊಳಿಸಬೇಕೆಂದು ಪ್ರೊಟೆಸ್ಟೆಂಟರ ದೊಡ್ಡ ಚಳವಳಿಯೇ ಎದ್ದಿತು. 1780ರ ಜೂನ್ ತಿಂಗಳಲ್ಲಿ ಲಂಡನ್ ನಗರದಲ್ಲಿ ಜಾರ್ಜ್ ಗಾರ್ಡನ್ ಎಂಬವರ ಮುಂದಾಳುತನದಲ್ಲಿ ಹೊರಟ ಜನಜಂಗುಳಿ ಕಥೋಲಿಕರ ಪ್ರಾರ್ಥನಾಲಯಗಳನ್ನೂ ಮನೆಗಳನ್ನೂ ಸುಟ್ಟಿತು. ಸೇನೆ ಗುಂಡು ಹಾರಿಸಿದ ಮೇಲೆಯೇ ಅದು ಅಡಗಿತು. ನೂರಾರು ಮಂದಿ ಸತ್ತರು. ಕಥೋಲಿಕರ ಪರವಾಗಿ ಮಾತಾಡುವುದು ಯಾವ ಭಿನ್ನಮತೀಯ ಪಾದ್ರಿಗೂ ಲಾಭದ ಕೆಲಸವಾಗಿರಲಿಲ್ಲ. ಅಂತಹ ವರ್ಷದಲ್ಲಿ ಪ್ರೀಸ್ಟ್ಲಿಯವರು ಲೇಖನಿ ಹಿಡಿದು, ಆ ಸಡಿಲಿಕೆಯನ್ನು ರದ್ದುಪಡಿಸಲು ಅರ್ಜಿ ಹಾಕಿದವರನ್ನೇ ಸಂಬೋಧಿಸಿ ಒಂದು ಕಿರುಪುಸ್ತಕವನ್ನು ಬರೆದರು. ಕಥೋಲಿಕರ ಬೋಧನೆ ತಪ್ಪೆಂಬುದೇ ಅವರ ದೃಢ ನಿಲುವು. ಆದರೂ ಮನಸ್ಸಾಕ್ಷಿಯ ವಿಷಯದಲ್ಲಿ ಸರಕಾರಕ್ಕೆ ಅಧಿಕಾರವಿಲ್ಲ. ತಮಗೆ ಬೇಕಾದ ಸ್ವಾತಂತ್ರ್ಯವನ್ನು ಕಥೋಲಿಕರಿಗೆ ನಿರಾಕರಿಸುವವರು ತಮ್ಮ ವಾದವನ್ನೇ ಕೆಡಿಸಿಕೊಳ್ಳುತ್ತಾರೆ ಎಂಬುದು ಅವರ ಅಭಿಪ್ರಾಯವಾಗಿತ್ತು. ತಮ್ಮ ಮತವನ್ನು ಒಪ್ಪುವವರಿಗಾಗಿ ವಾದಿಸುವುದು ಸುಲಭ. ಒಪ್ಪದವರಿಗಾಗಿ ವಾದಿಸಿದವರು ಆಗ ಎಷ್ಟು ಮಂದಿ?

ಅದೇ 1780ರಲ್ಲಿ ಅವರು ಬರ್ಮಿಂಗ್‌ಹ್ಯಾಮ್ ನಗರದ ಹೊಸ ಸಭಾಮಂದಿರದ ಪಾದ್ರಿಯಾದರು. ಆವಿಯಂತ್ರದ ಜೇಮ್ಸ್ ವಾಟ್, ಕುಂಬಾರಿಕೆಯ ವೆಜ್‌ವುಡ್ ಮುಂತಾದ ಮಿತ್ರರು ಬೆಳದಿಂಗಳ ರಾತ್ರಿಗಳಂದು ಸೇರುತ್ತಿದ್ದ ಗೋಷ್ಠಿಯಲ್ಲಿ ಅವರಿಗೆ ಮಾನ್ಯ ಸ್ಥಾನವಿತ್ತು. ಅವರ ಜೀವನದ ಅತ್ಯಂತ ಸುಖದ ದಿನಗಳು ಇವೇ. ಫ್ರಾನ್ಸಿನ ಮಹಾಕ್ರಾಂತಿಯನ್ನು ಅವರು ಸ್ವಾಗತಿಸಿದಾಗ ಅಸಮಾಧಾನ ಬೆಳೆಯತೊಡಗಿತು. 1791ರ ಜುಲೈ 14ರಂದು ಕ್ರಾಂತಿಯ ವಾರ್ಷಿಕೋತ್ಸವಕ್ಕಾಗಿ ನಗರದ ಹೋಟೆಲಿನಲ್ಲಿ ಭೋಜನಕೂಟ ಏರ್ಪಟ್ಟಿತು. ಪ್ರೀಸ್ಟ್ಲಿಯವರು ಅದಕ್ಕೆ ಹೋಗಲೇ ಇಲ್ಲ. ರಾತ್ರಿ ಊಟ ಮುಗಿಸಿ ಮನೆಯಲ್ಲಿ ಪತ್ನಿಯೊಡನೆ ಪಗಡೆಯನ್ನು ಹೋಲುವ ಒಂದು ಆಟವಾಡುತ್ತಿದ್ದಾಗ, ಗಲಭೆಕೋರರು ಎರಡು ಪ್ರಾರ್ಥನಾಲಯಗಳನ್ನು ಹಾಳುಗೆಡವಿ ಇತ್ತಲೇ ಬರುತ್ತಿದ್ದಾರೆಂಬ ಸುದ್ದಿ ಬಂತು. ಉಟ್ಟ ಬಟ್ಟೆಯಲ್ಲಿಯೇ ದಂಪತಿಗಳು ಹೊರಟರು. ಗಾಳಿಯಿಲ್ಲದ ಶಾಂತವಾದ ಬೆಳದಿಂಗಳ ರಾತ್ರಿ; ಸ್ವಲ್ಪ ದೂರದ ಎತ್ತರದಲ್ಲಿ ನಿಂತು ತಮ್ಮ ಮನೆಯ ಬಾಗಿಲು ಕಿಟಕಿಗಳು ಮುರಿಯುವ ಪ್ರತಿಯೊಂದು ಹೊಡೆತವನ್ನೂ ಅವರು ಕೇಳಬೇಕಾಯಿತು. ಗ್ರಂಥಭಂಡಾರ, ಪ್ರಯೋಗಶಾಲೆ, ವರ್ಷಗಳ ಹಸ್ತಪ್ರತಿಗಳು ಎಲ್ಲವೂ ನಾಶವಾದವು. ಮೂರು ದಿನಗಳ ಕಾಲ ಗಲಭೆ ನಡೆದ ಮೇಲೆ ಸೈನ್ಯ ಬಂತು. ಪರಿಹಾರಧನ ದೊರೆಯಿತು, ಕೇಳಿದಷ್ಟಲ್ಲ.

ಈ ಭಾಗವನ್ನು ಓದುವಾಗ ಕರಾವಳಿಯ ಕಥೋಲಿಕನಾದ ನನ್ನ ಮನಸ್ಸು ಶ್ರೀರಂಗಪಟ್ಟಣದ ಕಡೆಗೆ ಹೋಗದಿರಲು ಸಾಧ್ಯವಿಲ್ಲ. 1784ರಲ್ಲಿ ಕೆನರಾದ ನಮ್ಮ ಪೂರ್ವಜರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ಒಯ್ದರು. ಅನೇಕ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಉಳಿದವರು ಮರಳಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಪ್ರೀಸ್ಟ್ಲಿಯವರ ಪುಸ್ತಕಗಳು ಹಾಳಾದ ಆ ರಾತ್ರಿ ನಮ್ಮವರು ಸೆರೆಯಲ್ಲಿದ್ದರು. ಒಬ್ಬರಿಗೆ ಇನ್ನೊಬ್ಬರ ಸುದ್ದಿ ತಿಳಿದಿರಲಾರದು. ಅದೇ 1791ರಲ್ಲಿ ಇಂಗ್ಲೆಂಡಿನ ಸಂಸತ್ತು ಕಥೋಲಿಕರಿಗೆ ಪ್ರಾರ್ಥನಾಲಯಗಳನ್ನು ಕಾನೂನುಬದ್ಧವಾಗಿ ಹೊಂದಲು ಅನುಮತಿ ಕೊಟ್ಟಿತು. ಕಥೋಲಿಕರ ಪರವಾಗಿ ವಾದಿಸಿದ ಪಾದ್ರಿಯ ಮಂದಿರ ಸುಟ್ಟ ವರ್ಷವೇ ಕಥೋಲಿಕರ ಮಂದಿರಗಳ ಬಾಗಿಲು ತೆರೆದವು.

ಮುಂದಿನ ಕಥೆ ದುಃಖದ್ದು. ಲಂಡನ್ ಸಮೀಪದ ಹ್ಯಾಕ್ನಿಯಲ್ಲಿ ಕೆಲವು ವರ್ಷ ಬೋಧಿಸಿದರು. ರಾಯಲ್ ಸೊಸೈಟಿಯ ಹಳೆಯ ಮಿತ್ರರು ಮುಖ ತಿರುಗಿಸಿದರು. ಗಂಡುಮಕ್ಕಳಿಗೆ ಉದ್ಯೋಗ ದೊರೆಯಲಿಲ್ಲ. 1794ರ ಏಪ್ರಿಲ್‌ನಲ್ಲಿ, ಅರುವತ್ತೊಂದನೆಯ ವಯಸ್ಸಿನಲ್ಲಿ, ಪತ್ನಿಯೊಡನೆ ಅಮೇರಿಕಕ್ಕೆ ಹಡಗು ಹತ್ತಿದರು. ಅವರು ಇನ್ನೂ ಸಮುದ್ರದ ಮೇಲಿದ್ದಾಗ, ಮೇ 8ರಂದು, ಪ್ಯಾರಿಸಿನಲ್ಲಿ ಲವ್ವಾಸಿಯೇ ಅವರನ್ನು ಕ್ರಾಂತಿಕಾರರು ಗಿಲ್ಲೊಟೀನಿಗೆ ಕೊಟ್ಟರು. ತಾವು ಸ್ವಾಗತಿಸಿದ ಕ್ರಾಂತಿಯೇ ತಮ್ಮ ಸಮಾನ ವಿಜ್ಞಾನಿಯನ್ನು ಬಲಿ ತೆಗೆದುಕೊಂಡಿತೆಂಬ ಸುದ್ದಿ ಅವರಿಗೆ ಹೊಸ ನಾಡಿನಲ್ಲಿ ತಲುಪಿರಬೇಕು. ಪೆನ್ಸಿಲ್ವೇನಿಯಾದ ನಾರ್ತಂಬರ್ಲೆಂಡ್ ಎಂಬ ನದೀತೀರದ ಚಿಕ್ಕ ಊರಿನಲ್ಲಿ ನೆಲೆಸಿದರು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹುದ್ದೆ ಒದಗಿ ಬಂದರೂ ಸ್ವೀಕರಿಸಲಿಲ್ಲ. 1795ರಲ್ಲಿ ಕಿರಿಯ ಮಗ ಹ್ಯಾರಿ ತೀರಿಕೊಂಡ. 1796ರಲ್ಲಿ ಮೇರಿಯವರೂ ಕಣ್ಮುಚ್ಚಿದರು. ಕಟ್ಟಿಸುತ್ತಿದ್ದ ಮನೆಯಲ್ಲಿ ವಾಸಿಸುವ ಭಾಗ್ಯ ಅವರಿಗಿರಲಿಲ್ಲ. 1804ರ ಫೆಬ್ರವರಿ 6ರ ಬೆಳಿಗ್ಗೆ ತಮ್ಮ ಒಂದು ಬರಹದ ತಿದ್ದುಪಡಿಗಳನ್ನು ಹೇಳಿ ಬರೆಯಿಸಿ, ಅದು ಸರಿಯಾಗಿದೆಯೆಂದು ಖಚಿತಪಡಿಸಿಕೊಂಡು, ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣ ಬಿಟ್ಟರು. ಎಪ್ಪತ್ತು ವರ್ಷಗಳ ನಂತರ, ಆಮ್ಲಜನಕದ ಶತಮಾನೋತ್ಸವಕ್ಕೆ ರಸಾಯನವಿಜ್ಞಾನಿಗಳು ಅದೇ ಊರಿನಲ್ಲಿ ನೆರೆದರು. 1876ರಲ್ಲಿ ಸ್ಥಾಪನೆಯಾದ ಅಮೇರಿಕನ್ ಕೆಮಿಕಲ್ ಸೊಸೈಟಿಯ ಬೀಜ ಆ ಕೂಟದಲ್ಲಿತ್ತು. ಅದರ ಅತ್ಯುನ್ನತ ಪದಕಕ್ಕೆ ಪ್ರೀಸ್ಟ್ಲಿಯವರ ಹೆಸರೇ ಇದೆ.

ನೀರಿಗೆ ವಾಯು ಸೇರಿಸಿದ್ದಾಯಿತು. ಅದನ್ನು ಶೀಶೆಯಲ್ಲಿ ಹಿಡಿದಿಡುವುದು ಹೇಗೆ? ಜರ್ಮನಿಯಲ್ಲಿ ಹುಟ್ಟಿ ಜಿನೀವಾದಲ್ಲಿ ಆಭರಣಗಳ ಕಸುಬು ಮಾಡುತ್ತಿದ್ದ ಜೇಕಬ್ ಶ್ವೆಪ್ 1783ರ ಸುಮಾರಿಗೆ ಈ ನೀರನ್ನು ವ್ಯಾಪಾರಕ್ಕಾಗಿ ತಯಾರಿಸತೊಡಗಿ 1792ರಲ್ಲಿ ಲಂಡನ್ನಿಗೆ ಬಂದರು. ಕೆಲವು ಬಗೆಯ ನೀರಿಗೆ ಅಡುಗೆ ಸೋಡಾವನ್ನು ಹಾಕುತ್ತಿದ್ದುದರಿಂದ ಸೋಡಾ ಎಂಬ ಹೆಸರು ಬಿತ್ತು. ಇಂದಿನ ಸೋಡಾದಲ್ಲಿ ಅದು ಇಲ್ಲದಿದ್ದರೂ ಹೆಸರು ಹೋಗಲಿಲ್ಲ. ಬಿರಡೆ ಒಣಗಿದರೆ ವಾಯು ಸೋರುತ್ತದೆ. ಆದುದರಿಂದ ನೆಟ್ಟಗೆ ನಿಲ್ಲಲಾರದ ಮೊಟ್ಟೆಯಾಕಾರದ ಶೀಶೆಗಳನ್ನು ಮಾಡಿ ಮಲಗಿಸಿಡುತ್ತಿದ್ದರು. ಈ ತೊಡಕಿಗೆ ನಿಜವಾದ ಪರಿಹಾರ ಕಂಡವರು ಹೈರಮ್ 
ಕಾಡ್. 1838ರ ಜನವರಿ 10ರಂದು ಸಫಕ್ ಪ್ರಾಂತದ ಬರಿ ಸೇಂಟ್ ಎಡ್ಮಂಡ್ಸ್ ಎಂಬಲ್ಲಿ ಅವರ ಜನನ. ಪ್ರೀಸ್ಟ್ಲಿಯವರು ಮೊದಲು ತೊದಲುತ್ತ ಬೋಧಿಸಿದ ನೀಡಮ್ ಮಾರ್ಕೆಟ್ ಅದೇ ಪ್ರಾಂತದಲ್ಲಿದೆ.

ಕಾಡ್ ಅವರ ಯುಕ್ತಿ ಹೀಗೆ: ಶೀಶೆಯ ಬಾಯಿಯ ಒಳಗೆ ಒಂದು ಗಾಡಿ ಕೊರೆದು ರಬ್ಬರಿನ ಉಂಗುರವನ್ನು ಕೂರಿಸಿ, ಒಳಗೆ ಒಂದು ಗೋಲಿಯನ್ನು ಬಿಡುವುದು. ಶೀಶೆಯನ್ನು ತಲೆಕೆಳಗಾಗಿ ಹಿಡಿದು ನೀರು, ವಾಯುಗಳನ್ನು ತುಂಬಿದರೆ ಒಳಗಿನ ಒತ್ತಡವೇ ಗೋಲಿಯನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬಿರಡೆ ಬೇಡ, ತಂತಿ ಬೇಡ; ಒಳಗಿರುವ ಶಕ್ತಿಯೇ ಬಾಗಿಲು ಕಾಯುತ್ತದೆ. ಕತ್ತಿನ ತಗ್ಗು ಹೊಯ್ಯುವಾಗ ಗೋಲಿ ಮತ್ತೆ ಬಾಯಿಗೆ ಅಡ್ಡ ಬರದಂತೆ ತಡೆಯುತ್ತದೆ. 1870ರಿಂದ ಮೊದಲ್ಗೊಂಡು ಅವರು ಹಕ್ಕುಪತ್ರಗಳನ್ನು ಪಡೆದರು. ಇಂದು ನಾವು ಕಾಣುವ ಆಕಾರ 1872ರ ಸುಮಾರಿನದು. ಪ್ರೀಸ್ಟ್ಲಿಯವರಂತಲ್ಲ, ಇವರು ವ್ಯವಹಾರಸ್ಥರು. ಶೀಶೆಗಳನ್ನು ಇತರರು ಪರವಾನಗಿ ಪಡೆದು ಮಾಡಬಹುದಿತ್ತು. ಗೋಲಿ, ಉಂಗುರ ಮತ್ತು ಗಾಡಿ ಕೊರೆಯುವ ಸಾಧನವನ್ನು ಮಾತ್ರ ಇವರಿಂದಲೇ ಕೊಳ್ಳಬೇಕಿತ್ತು. ಬಾರ್ನ್ಸ್ಲಿಯ ಗಾಜಿನ ತಯಾರಕ ಬೆನ್ ರೈಲ್ಯಾಂಡ್ಸ್ ಅವರೊಡನೆ ಪಾಲುಗಾರಿಕೆ ನಡೆಯಿತು. 1881ರಲ್ಲಿ ಬೆನ್ ತೀರಿಕೊಂಡ ಮೇಲೆ ಮಗ ಡ್ಯಾನ್ ಪಾಲುಗಾರನಾದ. 1884ರಲ್ಲಿ ಅದು ಮುರಿಯಿತು. 1887ರಲ್ಲಿ, ಐವತ್ತು ತುಂಬುವ ಮೊದಲೇ, ಕಾಡ್ ಅವರು ಲಂಡನ್ನಿನಲ್ಲಿ ನಿಧನರಾದರು.

ಐದು ವರ್ಷಗಳೊಳಗೆ, 1892ರಲ್ಲಿ, ಅಮೇರಿಕದ ವಿಲಿಯಂ ಪೇಂಟರ್ ತಗಡಿನ ಮುಚ್ಚಳಕ್ಕೆ ಹಕ್ಕುಪತ್ರ ಪಡೆದರು. ಅದು ಕ್ರಮೇಣ ಗೋಲಿಯನ್ನು ಇಂಗ್ಲೆಂಡಿನಿಂದಲೇ ಓಡಿಸಿತು. ಜಪಾನಿನಲ್ಲಿ ಮತ್ತು ನಮ್ಮ ದೇಶದಲ್ಲಿ ಅದು ಉಳಿಯಿತು. ನಮ್ಮಲ್ಲಿ ಉಳಿದದ್ದಕ್ಕೆ ಕಾರಣ ಸರಳ: ಗಟ್ಟಿ ಗಾಜಿನ ಶೀಶೆಯನ್ನು ತೊಳೆದು ಮತ್ತೆ ಮತ್ತೆ ತುಂಬಬಹುದು; ಒಂದು ಚಕ್ರದ ಯಂತ್ರ, ಒಂದು ವಾಯುಪಾತ್ರೆ ಇದ್ದರೆ ಅಣ್ಣತಮ್ಮಂದಿರಿಬ್ಬರು ಮನೆಯ ಜಗಲಿಯಲ್ಲಿಯೇ ಉದ್ಯಮ ನಡೆಸಬಹುದು. ಅದೇ ಗಟ್ಟಿತನದ ಕಾರಣದಿಂದ ನಮ್ಮ ನಗರಗಳ ಗಲಭೆಗಳಲ್ಲಿ ಸೋಡಾ ಶೀಶೆ ಆಯುಧವೂ ಆಯಿತು. ಗಲಭೆಕೋರರ ಕೈಯಲ್ಲಿ ಸರ್ವಸ್ವವನ್ನು ಕಳೆದುಕೊಂಡ ಪಾದ್ರಿಯ ಶೋಧಕ್ಕೆ ಅಂತಹ ಉಪಯೋಗವೂ ಬರಬೇಕೆ ಎಂದು ಖೇದವೆನಿಸುತ್ತದೆ. ಈಚಿನ ವರ್ಷಗಳಲ್ಲಿ ಗೋಲಿ ಸೋಡಾ ಹೊಸ ವೇಷದಲ್ಲಿ ಮರಳಿದೆ. 2025ರಲ್ಲಿ ಅದು ಅಮೇರಿಕ, ಇಂಗ್ಲೆಂಡುಗಳಿಗೂ ರಫ್ತಾಗುತ್ತಿರುವುದನ್ನು ಕೇಂದ್ರ ಸರಕಾರವೇ ಪ್ರಕಟಿಸಿತು.

ನಮ್ಮ ಅಟ್ಟದಲ್ಲಿ ದೊರೆತ ಶೀಶೆಯನ್ನು ತೊಳೆಯಿಸಿ, ಶತಮಾನೋತ್ಸವದ ವಸ್ತುಪ್ರದರ್ಶನದಲ್ಲಿ ಹಳೆಯ ಗಂಟೆಯ ನಾಲಗೆಯ ಪಕ್ಕದಲ್ಲಿ ಇಡಲಾಗಿದೆ. ಕಡವಿನ ಆ ಮನೆತನದ ಮೂರು ತಲೆಮಾರಿನ ಹೆಸರುಗಳನ್ನು ದಾಖಲೆ ಪುಸ್ತಕದಿಂದ ನಕಲು ಮಾಡಿ ಮುಂಬಯಿಗೆ ಕಳುಹಿಸಿದ್ದೇನೆ. ಹಬ್ಬಕ್ಕೆ ಬರುವುದಾಗಿ ಮೊಮ್ಮಗ ಬರೆದಿದ್ದಾನೆ. ಗೋಲಿ ಇನ್ನೂ ಉರುಳುತ್ತದೆ. ರಬ್ಬರಿನ ಉಂಗುರ ಮಾತ್ರ ಪುಡಿಯಾಗಿದೆ.